ಉಪ್ಪುನೀರಿನ ಹನಿ

ಅಬರ್ಡೀನ್, ಸ್ಕಾಟ್ಲೆಂಡ್
12 ಮಾರ್ಚ್ 1978

ಪ್ರಿಯ ಅಲಮೇಲು,

ಸುಖವಾಗಿ ತಲುಪಿದೆ. ನಾನಲ್ಲ, ನಮ್ಮ ಇಟ್ಟಮಡು ತಳಿ. ಟೈಫಾಯ್ಡ್ ಬ್ಯಾಕ್ಟೀರಿಯಾ ಇದ್ದ ಗಾಜಿನ ಆಂಪೂಲುಗಳನ್ನು ಕೋಟಿನ ಒಂದು ಜೇಬಿನಲ್ಲಿ, ನಿಮ್ಮ ತಾಯಿ ಕೊಟ್ಟ ಚಟ್ನಿಪುಡಿಯನ್ನು ಇನ್ನೊಂದು ಜೇಬಿನಲ್ಲಿ ಇಟ್ಟುಕೊಂಡು ಬಂದೆ. ವಿಮಾನ ನಿಲ್ದಾಣದ ಅಧಿಕಾರಿ ಟೈಫಾಯ್ಡಿನ ಕಾಗದಕ್ಕೆ ತಲೆ ಎತ್ತದೆ ಮುದ್ರೆ ಒತ್ತಿದ. ಚಟ್ನಿಪುಡಿಯನ್ನು ಮಾತ್ರ ಬಿಚ್ಚಿಸಿ, ಮೂಸಿ, ಸೀನಿ, ಕಣ್ಣೀರು ಒರೆಸಿಕೊಂಡು ಬಿಟ್ಟ. ಸೀತಮ್ಮನವರಿಗೆ ಹೇಳಿ, ಅವರ ಮೆಣಸಿನಕಾಯಿ ಬ್ರಿಟಿಷರಿಗೆ ತಕ್ಕ ಶಾಸ್ತಿ ಮಾಡಿತು.

ಇಲ್ಲಿ ಕೆಲಸ ಜೋರಾಗಿ ಶುರುವಾಗಿದೆ. ಈ ಊರಿನಲ್ಲಿಯೂ ಹದಿನಾಲ್ಕು ವರ್ಷದ ಕೆಳಗೆ ಟೈಫಾಯ್ಡ್ ಬಂದು ಜನ ನರಳಿದ್ದರಂತೆ. ಹಾಗಾಗಿ ಇಲ್ಲಿಯ ಪ್ರೊಫೆಸರಿಗೆ ನಮ್ಮ ತಳಿಯ ಮೇಲೆ ಬಹಳ ಪ್ರೀತಿ. ಒಪ್ಪಂದದಂತೆ ತಳಿ ನಮ್ಮದು, ಲಸಿಕೆ ತಯಾರಿ ಇಲ್ಲಿಯದು, ಅದನ್ನು ಇಟ್ಟಮಡುವಿನ ಮಕ್ಕಳಿಗೆ ಹಾಕುವ ಹೊಣೆ ನಿಮ್ಮದು. ಎರಡು ದೇಶ, ಒಂದು ಸೂಜಿ ಎಂದು ಪ್ರೊಫೆಸರ್ ಭಾಷಣದಲ್ಲಿ ಹೇಳಿದರು. ಚಪ್ಪಾಳೆ ಬಿತ್ತು.

ಚಳಿ ಹೇಳತೀರದು. ಮೂಗಿನ ಕೆಳಗಾದರೂ ಒಂದು ಹೊದಿಕೆ ಇರಲಿ ಎಂದು ಮೀಸೆ ಬಿಟ್ಟಿದ್ದೇನೆ. ದಪ್ಪವಾಗಿ ಬರುತ್ತಿದೆ. ನಗಬೇಡಿ.

ನಿಮ್ಮ
ಜಯಸಿಂಹ

*

ಜಯನಗರ, ಬೆಂಗಳೂರು
2 ಏಪ್ರಿಲ್ 1978

ಪ್ರಿಯ ಜಯಸಿಂಹ ಅವರೇ,

ನಗದೆ ಇರಲು ಆಗಲಿಲ್ಲ. ಚಕ್ರಪಾಣಿ ಸಾರ್ ನಿಮ್ಮ ಕಾಗದವನ್ನು ಲ್ಯಾಬಿನ ಎಲ್ಲರ ಮುಂದೆ ಓದಿಸಿದರು. ಮೀಸೆಯ ಸಾಲು ಬಂದಾಗ, "ಇಲ್ಲಿ ಇಲ್ದೇ ಇದ್ದ ಧೈರ್ಯ ಅಲ್ಲಿ ಹೋದ ತಕ್ಷಣ ಬಂತೇನ್ರೀ ಇವ್ನಿಗೆ?" ಎಂದರು. ನನ್ನ ಮತ ಬೇಕಿದ್ದರೆ, ಬೇಡವೇ ಬೇಡ. ಸುಳ್ಳು ಹೇಳುವಾಗ ನಿಮ್ಮ ಮೇಲ್ದುಟಿ ಅದುರುತ್ತದೆ. ಊಟ ಆಯಿತಾ ಎಂದರೆ ಆಯಿತು ಅನ್ನುತ್ತಿದ್ದಿರಿ, ತುಟಿ ನೋಡಿ ನಾನು ಡಬ್ಬಿ ಮುಂದಿಡುತ್ತಿದ್ದೆ. ಅದನ್ನೂ ಮುಚ್ಚಿಬಿಟ್ಟರೆ ನಿಮ್ಮನ್ನು ಹಿಡಿಯುವುದು ಹೇಗೆ?

ಇಟ್ಟಮಡುವಿಗೆ ಹೋಗಿದ್ದೆ. ಸೊಪ್ಪು ಮಾರುವ ತಿಮ್ಮಕ್ಕನಿಗೆ ಸುದ್ದಿ ಹೇಳಿದೆ. ಎಷ್ಟಾದರೂ ಆ ತಳಿ ಸಿಕ್ಕಿದ್ದು ಅವಳ ರಕ್ತದಲ್ಲಿ, ಹೋದ ವರ್ಷ ಅವಳು ಜ್ವರದಲ್ಲಿ ಬಿದ್ದಿದ್ದಾಗ. ಅವಳು ಸೊಪ್ಪಿನ ಬುಟ್ಟಿ ಕೆಳಗಿಟ್ಟು ಬಾಯಿಗೆ ಸೆರಗು ಇಟ್ಟುಕೊಂಡಳು. "ಏನವ್ವಾ ಹಂಗಂದ್ರೆ? ನನ್ ಜ್ವರ ಇಮಾನ ಹತ್ಕಂಡು ಸೀಮೆಗೋಯ್ತಾ? ನಾನೇ ಇನ್ನೂ ಮೆಜೆಸ್ಟಿಕ್ ದಾಟಿಲ್ಲ!" ಎಂದಳು. ಈಗ ಬೀದಿಯಲ್ಲೆಲ್ಲ ಅದೇ ಮಾತು. ಅವಳ ಮಗಳು ಸಪ್ಪಲಮ್ಮನಿಗೆ ಐದು ವರ್ಷ. ಬಾಯಿ ಮುಚ್ಚುವ ಮಗುವಲ್ಲ. ನನ್ನ ಸ್ಟೆತಾಸ್ಕೋಪ್ ಕಿವಿಗೆ ಹಾಕಿಕೊಂಡು ಕೋಳಿಯ ಎದೆ, ನಾಯಿಯ ಎದೆ, ಹುಣಿಸೆ ಮರದ ಎದೆ ಎಲ್ಲ ಕೇಳಿ ಬಂದಳು. ಮರ ಏನೂ ಹೇಳಲಿಲ್ಲವಂತೆ.

ಕೊನೆಯದಾಗಿ, ಅಲ್ಲಿಯ ದೊಡ್ಡ ಯಂತ್ರಗಳ ನಡುವೆ ನಮ್ಮ ಸಾರ್ ಅವರ ಮಂತ್ರ ಮರೆಯಬೇಡಿ. "ಗಾಜಿನ್ ಮೇಲೆ ಒಂದು ಹನಿ ಉಪ್ಪುನೀರು, ಅದ್ರಲ್ಲಿ ಒಂಚೂರು ಕಲ್ಚರ್, ಅಂದ್ರೆ ಬೆಳೆಸಿದ ಬ್ಯಾಕ್ಟೀರಿಯಾ. ಹಾಲಿನ್ ಹಾಗೆ ನಿಂತ್ರೆ ತಳಿ ಚೆನ್ನಾಗಿದೆ. ಒಡೆದು ಚೂರಾದ್ರೆ ಕೆಟ್ಟಿದೆ, ಲಸಿಕೆಗೆ ಬರಲ್ಲ." ನಿಮಗೆ ಹೇಳಬೇಕೇ! ಕ್ಯಾಂಟೀನಿನ ಹಾಲಿಗೂ ಹನಿ ಪರೀಕ್ಷೆ ಮಾಡಿ ಯಲ್ಲಮ್ಮನ ಹತ್ತಿರ ಬೈಸಿಕೊಂಡವರು ನೀವು.

ಅಲಮೇಲು

*

ಅಬರ್ಡೀನ್
20 ಜನವರಿ 1979

ಪ್ರಿಯ ಅಲಮೇಲು,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಪ್ರೊಫೆಸರ್ ನಮ್ಮನ್ನು ಗಾಣದ ಎತ್ತಿನ ಹಾಗೆ ದುಡಿಸುತ್ತಿದ್ದಾರೆ. ಹಣ ಕೊಡುವವರ ಮುಂದೆ ಈ ಬೇಸಿಗೆಯೊಳಗೆ ಲಸಿಕೆ ಮಕ್ಕಳಿಗೆ ಬೀಳುತ್ತದೆ ಎಂದು ಮಾತು ಕೊಟ್ಟು ಬಂದಿದ್ದಾರೆ. ಆಗದಿದ್ದರೆ ಯೋಜನೆ ಬೇರೆ ದೇಶಕ್ಕೆ ಹೋಗುತ್ತದೆ.

ಒಳ್ಳೆಯ ಸುದ್ದಿ ಎಂದರೆ ನಮ್ಮ ತಳಿಗೆ ಇಲ್ಲಿಯ ಊಟ ಹತ್ತಿದೆ. ಬೆಂಗಳೂರಿನಲ್ಲಿ ಬಡಕಲಾಗಿ ಬೆಳೆಯುತ್ತಿದ್ದದ್ದು ಇಲ್ಲಿ ದಪ್ಪಗೆ ಉಕ್ಕುತ್ತಿದೆ. ಒಂದು ಬುಡ್ಡಿಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ತಿರುವಿ ತಿರುವಿ ಬೆಳೆಸಿದ್ದೇವೆ. ಪ್ರೊಫೆಸರ್ ನನ್ನ ಬೆನ್ನು ತಟ್ಟಿದರು. ಇಲ್ಲಿ ಕಾಯಂ ಕೆಲಸದ ಮಾತೂ ಮೆಲ್ಲಗೆ ಬಂದಿದೆ.

ನೀವು ಜನರನ್ನು ಒಪ್ಪಿಸಿ ಇಟ್ಟಿರಿ. ಲಸಿಕೆ ಬರುತ್ತದೆ.

ಜಯಸಿಂಹ

*

ಜಯನಗರ
8 ಫೆಬ್ರವರಿ 1979

ಪ್ರಿಯ ಜಯಸಿಂಹ ಅವರೇ,

ಬೆಳೆದದ್ದು ಸಂತೋಷ. ಆದರೆ ಆ ತಿರುವಿ ತಿರುವಿ ಎಂಬ ಮಾತನ್ನು ಮತ್ತೆ ಮತ್ತೆ ಓದಿದೆ. ಬಹಳ ಸಲ ತಿರುವಿದರೆ ತಳಿ ತನ್ನ ಮೇಲಿನ ಹೊದಿಕೆ ಕಳೆದುಕೊಂಡು ಒರಟಾಗುತ್ತದೆ. ನೋಡಲು ಪುಷ್ಟಿಯಾಗಿರುತ್ತದೆ, ರಕ್ಷಣೆ ಮಾತ್ರ ಕೊಡುವುದಿಲ್ಲ. ನಿಮಗೆ ಗೊತ್ತಿಲ್ಲದ್ದಲ್ಲ. ಚಿಂತೆ ನನ್ನ ಹುಟ್ಟುಗುಣ ಎಂದು ಬೈದುಕೊಳ್ಳಿ, ಆದರೆ ಹನಿ ನೋಡಿದೆ, ಹಾಲಿನ ಹಾಗಿತ್ತು ಎಂದು ಒಂದು ಸಾಲು ಬರೆದುಬಿಡಿ. ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ.

ಇಲ್ಲಿ ಒಪ್ಪಿಸುವ ಕೆಲಸ ನಡೆದಿದೆ. ಮೊದಮೊದಲು ಒಬ್ಬರೂ ಒಪ್ಪಲಿಲ್ಲ. "ಸರ್ಕಾರದೋರ ಸೂಜಿ, ಮಕ್ಕಳಾಗ್ದಂಗೆ ಮಾಡ್ತಾರೆ" ಎಂದು ಯಾರೋ ಹಬ್ಬಿಸಿದ್ದರು. ಎಮರ್ಜೆನ್ಸಿಯ ಕಾಲದ್ದನ್ನು ಜನ ಇನ್ನೂ ಮರೆತಿಲ್ಲ. ಕೊನೆಗೆ ತಿಮ್ಮಕ್ಕ ಅರಳಿಕಟ್ಟೆ ಹತ್ತಿ ನಿಂತಳು. "ಇದು ಯಾವ ಸರ್ಕಾರದ್ದೂ ಅಲ್ಲ ಕಣ್ರಮ್ಮಾ, ನನ್ ಜ್ವರದಲ್ ಮಾಡಿರೋ ಔಸ್ದಿ. ಮೊದ್ಲು ನನ್ ಮಗ್ಳಿಗೇ ಹಾಕ್ಲಿ. ಆಮೇಲ್ ನೀವ್ ನೋಡ್ಕಳಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರ ಮುಂದೆಯೇ, "ಅಲ್ವೇನವ್ವಾ, ನಿನ್ ಮಾತ್ ನಂಬ್ಬೋದು ತಾನೇ?" ಎಂದಳು.

ನಂಬು ಎಂದೆ. ನನ್ನ ಮೇಲಿನ ನಂಬಿಕೆಯಿಂದ ಹೇಳಿದ್ದಲ್ಲ, ನಿಮ್ಮ ಮೇಲಿನದರಿಂದ.

ಅಲಮೇಲು

*

ಅಬರ್ಡೀನ್
3 ಮಾರ್ಚ್ 1979

ಪ್ರಿಯ ಅಲಮೇಲು,

ಹನಿ ನೋಡದೆ ಸೀಲ್ ಮಾಡುವವನೇ ನಾನು? ಇಷ್ಟು ವರ್ಷ ಪಕ್ಕದ ಬೆಂಚಿನಲ್ಲಿ ಕೂತವರು ಕೇಳುವ ಮಾತೇ ಇದು?

ಲಸಿಕೆಯ ಸೀಸೆಗಳು ಹೊರಟಿವೆ. ನಮ್ಮ ಪದ್ಧತಿಯಂತೆ, ಲಸಿಕೆ ಮಾಡಿದ ಅದೇ ಕಲ್ಚರನ್ನು ಒಣಗಿಸಿ, ಅದೇ ದಿನ ಬಾಯಿ ಮುಚ್ಚಿದ ಒಂದೆರಡು ಆಂಪೂಲುಗಳನ್ನೂ ತವರಿನ ಪಾಲು ಎಂದು ಜೊತೆಗಿಟ್ಟಿದ್ದೇನೆ. ಹನಿ ನೋಡಿದವನು ಗಾಜಿನ ಮೇಲೆ ತನ್ನ ಅಕ್ಷರ ಕೆತ್ತಬೇಕು ಎಂದು ಸಾರ್ ಮಾಡಿಟ್ಟ ನಿಯಮವನ್ನೂ ಮರೆತಿಲ್ಲ. ವಜ್ರದ ಪೆನ್ಸಿಲಿನಲ್ಲಿ ಕೆತ್ತಿದ 'ಜ' ನೋಡಿಕೊಳ್ಳಿ.

ಅವಸರದಲ್ಲಿದ್ದೇನೆ.

ಜಯಸಿಂಹ

*

ಜಯನಗರ
15 ಜೂನ್ 1979

ಪ್ರಿಯ ಜಯಸಿಂಹ ಅವರೇ,

ಆಯಿತು! ಇಟ್ಟಮಡುವಿನ ಮಕ್ಕಳಿಗೆಲ್ಲ ಎರಡೂ ಸಲದ ಸೂಜಿ ಬಿತ್ತು. ಮೊದಲು ಚಾಚಿದ ತೋಳು ಸಪ್ಪಲಮ್ಮನದು. ಅಳಲಿಲ್ಲ. "ನಮ್ಮಮ್ಮನ್ ಜ್ವರ ಒಳಗ್ ಹೋಯ್ತಾ?" ಎಂದು ಕೇಳಿ ಬೇರೆ ಮಕ್ಕಳ ಮುಂದೆ ತೋಳು ತೋರಿಸುತ್ತಾ ಹೋದಳು.

ನಿಮ್ಮ 'ಜ' ನೋಡಿದ ಮೇಲೆ ನಾನು ಮತ್ತೆ ಪರೀಕ್ಷೆಗೆ ಕೈ ಹಾಕಲಿಲ್ಲ. ಆಂಪೂಲುಗಳನ್ನು, 77ರಲ್ಲಿ ನಾನು ಮುಚ್ಚಿ 'ಅ' ಕೆತ್ತಿದ್ದವುಗಳ ಪಕ್ಕದಲ್ಲಿ, ಅದೇ ತಗಡಿನ ಡಬ್ಬಿಯಲ್ಲಿ ಮಲಗಿಸಿದ್ದೇನೆ.

ಕರೆಂಟಿನ ಕಥೆ ಕೇಳಬೇಡಿ. ಬೆಳಗ್ಗೆ ಹೋದರೆ ಸಂಜೆ ದರ್ಶನ. ಫ್ರಿಜ್ ನಂಬಿ ಕೂತರೆ ಕೆಟ್ಟೆ ಎಂದು ತಿಲಕ್ ನಗರದ ಐಸ್‌ಕ್ಯಾಂಡಿ ಕಾರ್ಖಾನೆಯ ಚಿನ್ನಪ್ಪನನ್ನು ಹಿಡಿದೆ. ಅವನು ಐಸಿಗೆ ಉಪ್ಪು ಬೆರೆಸಿ ದೊಡ್ಡ ಫ್ಲಾಸ್ಕಿನಲ್ಲಿ ತುಂಬಿಕೊಟ್ಟ. ಉಪ್ಪು ಹಾಕಿದರೆ ತಂಪು ಇನ್ನೂ ಹೆಚ್ಚುತ್ತದಲ್ಲ, ಸೀಸೆಗಳು ಹೆಪ್ಪುಗಟ್ಟದಂತೆ ನಡುವೆ ಅಮ್ಮನ ಹಳೆಯ ಸೀರೆಯನ್ನು ದಪ್ಪಗೆ ಸುತ್ತಿ ಇಟ್ಟೆ. ಉತ್ತರಹಳ್ಳಿ ಬಸ್ಸಿನಲ್ಲಿ ಫ್ಲಾಸ್ಕನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದರೆ ಕಂಡಕ್ಟರ್ "ಮಗೀಗೆ ಟಿಕೆಟ್ ಬೇಡ ಮೇಡಂ" ಎಂದ.

ಕೆಲವು ಸೀಸೆಗಳಲ್ಲಿ ಬಿಳಿ ಚೂರು ತೇಲುತ್ತಿತ್ತು. ಪ್ರಯಾಣದಲ್ಲಿ ತಳಕ್ಕೆ ಕೂತದ್ದಿರಬೇಕು ಎಂದು ಚೆನ್ನಾಗಿ ಕುಲುಕಿ ಹಾಕಿದೆ. ಸರಿ ತಾನೇ? ತಿಳಿಸಿ.

ಅಲಮೇಲು

*

ಜಯನಗರ
9 ಸೆಪ್ಟೆಂಬರ್ 1980

ಜಯಸಿಂಹ ಅವರೇ,

ಹೋದ ವರ್ಷದ ಕಾಗದಕ್ಕೆ ಉತ್ತರ ಬರಲಿಲ್ಲ. ಯುಗಾದಿಗೆ ಕಳಿಸಿದ ಚಿತ್ರದ ಕಾರ್ಡು ಬಂತು, ಅಷ್ಟೇ. ಕೆಲಸ ಹೆಚ್ಚು ಎಂದುಕೊಂಡು ಸುಮ್ಮನಿದ್ದೆ. ಈಗ ಸುಮ್ಮನಿರುವ ಹಾಗಿಲ್ಲ.

ಇಟ್ಟಮಡುವಿನಲ್ಲಿ ಟೈಫಾಯ್ಡ್ ಎದ್ದಿದೆ. ಮಳೆಗೆ ಕೊಳಚೆ ಬಾವಿಗೆ ಇಳಿದಿದೆ. ದೊಡ್ಡವರು ಮಲಗಿದಾಗ, ಮಕ್ಕಳಿಗಾದರೂ ಲಸಿಕೆ ಇದೆಯಲ್ಲ ಎಂದು ನಾನು ಧೈರ್ಯ ಹೇಳುತ್ತಾ ಮನೆ ಮನೆ ತಿರುಗಿದೆ. ಆಮೇಲೆ ಮಕ್ಕಳೂ ಮಲಗಿದರು. ಲಸಿಕೆ ಹಾಕಿಸಿಕೊಂಡವರು, ಬಿಟ್ಟವರು ಎಂಬ ಭೇದವೇ ಇಲ್ಲ. ಹಾಕಿದ್ದು ನೀರೋ ಎನ್ನುವ ಹಾಗೆ.

ಸಪ್ಪಲಮ್ಮ ಆಸ್ಪತ್ರೆಯಲ್ಲಿದ್ದಾಳೆ. ಜ್ವರ ಇಳಿಯುತ್ತಿಲ್ಲ. ನಿನ್ನೆ ತಿಮ್ಮಕ್ಕ ನನ್ನ ಕೈ ಹಿಡಿದುಕೊಂಡು, "ನನ್ ಜ್ವರಾನೇ ತಾನೇ ಹಾಕಿದ್ದು? ಬೇರೆ ಯಾರ್ದೋ ಹಾಕ್ಲಿಲ್ಲ ತಾನೇ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲಿ ತಪ್ಪಾಯಿತು? ನಿಮ್ಮ ಕಡೆಯ ಪರೀಕ್ಷೆಗಳನ್ನೆಲ್ಲ ಇನ್ನೊಮ್ಮೆ ನೋಡಿ. ದಯವಿಟ್ಟು ಬೇಗ ಬರೆಯಿರಿ.

ಅಲಮೇಲು

*

ಅಬರ್ಡೀನ್
1 ಅಕ್ಟೋಬರ್ 1980

ಪ್ರಿಯ ಅಲಮೇಲು,

ಓದಿ ಮನಸ್ಸು ಕದಡಿಹೋಯಿತು. ಮಗುವಿಗೆ ಬೇಗ ಗುಣವಾಗಲಿ.

ಎಲ್ಲರೂ ಕೂತು ಯೋಚಿಸಿದೆವು. ಇಲ್ಲಿಯ ಕಡೆ ಏನೂ ಕಾಣುತ್ತಿಲ್ಲ. ನಿಮ್ಮನ್ನು ನೋಯಿಸಲು ಕೇಳುತ್ತಿಲ್ಲ, ಆದರೂ ಕೇಳಲೇಬೇಕು. ಹೋದ ವರ್ಷದ ಕಾಗದದಲ್ಲಿ ಉಪ್ಪು ಬೆರೆಸಿದ ಐಸು ಎಂದು ಬರೆದಿದ್ದಿರಿ. ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಚೂರು ಚೂರಾಗುತ್ತದೆ. ನೀವೂ ಬಿಳಿ ಚೂರು ಕಂಡೆ ಎಂದಿದ್ದೀರಿ. ಬಟ್ಟೆ ಪ್ರತಿಸಲವೂ ಸರಿಯಾಗಿ ಸುತ್ತಿದ್ದಿರಾ? ಬಸ್ಸಿನ ಕುಲುಕಾಟಕ್ಕೆ ಎಲ್ಲಾದರೂ ಸರಿದಿರಬಹುದೇ?

ದೆಹಲಿಯಿಂದ ವಿಚಾರಣಾ ಸಮಿತಿ ಬರುತ್ತದಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ನಿಮ್ಮ ಪ್ರಾಮಾಣಿಕತೆ ಗೊತ್ತಿದ್ದವರು ಯಾರೂ ನಿಮ್ಮನ್ನು ದೂರುವುದಿಲ್ಲ.

ಜಯಸಿಂಹ

*

ಜಯನಗರ
11 ಜನವರಿ 1981

ಜಯಸಿಂಹ ಅವರೇ,

ನಿಮ್ಮ ಕಾಗದ ಬಂದ ಮೇಲೆ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಬಟ್ಟೆ ಸುತ್ತಿದ್ದೆ ಎಂದು ಕೈಗೆ ನೆನಪಿದೆ. ಆದರೆ ಪ್ರತಿಸಲವೂ? ಅಷ್ಟು ದಿನ, ಅಷ್ಟು ಬಸ್ಸು. ಅಮ್ಮನ ಆ ಹಳೆಯ ಸೀರೆಯನ್ನು ತೆಗೆದು ಮಡಿಸಿ ಬಿಚ್ಚಿ ನೋಡಿದೆ. ಸೀರೆ ಏನು ಸಾಕ್ಷಿ ಹೇಳುತ್ತದೆ? ನನ್ನ ನೆನಪೋ ನಿಮ್ಮ ಬುದ್ಧಿಯೋ ಎಂದು ತೂಗಿದಾಗ ನಿಮ್ಮ ಬುದ್ಧಿಯನ್ನೇ ನಂಬಿದೆ.

ಸಮಿತಿಯ ಮುಂದೆ, ನಿರ್ಲಕ್ಷ್ಯ ನನ್ನದು, ಐಸು ತಗುಲಿ ಲಸಿಕೆ ಹೆಪ್ಪುಗಟ್ಟಿದೆ ಎಂದೆ. ನಾನೇ ಒಪ್ಪಿಕೊಂಡ ಮೇಲೆ ಅವರು ಬೇರೇನನ್ನೂ ತೆರೆದು ನೋಡಲಿಲ್ಲ. ಚಕ್ರಪಾಣಿ ಸಾರ್ ಮಾತ್ರ, "ಅಲಮೇಲು, ಯೋಚ್ನೆ ಮಾಡಿ ಹೇಳಮ್ಮಾ" ಎಂದು ಎರಡೆರಡು ಸಲ ತಡೆದರು. ಲ್ಯಾಬ್ ಬಿಟ್ಟಿದ್ದೇನೆ. ಒಂದು ಮೆಡಿಕಲ್ ಕಾಲೇಜಿನಲ್ಲಿ ಹುಡುಗರಿಗೆ ಮೈಕ್ರೋಸ್ಕೋಪ್ ತೋರಿಸುವ ಕೆಲಸ ಸಿಕ್ಕಿದೆ.

ಸಪ್ಪಲಮ್ಮ ಬದುಕಿದಳು. ಕಿವಿ ಹೋಯಿತು. ಎರಡೂ. ಮನೆಗೆ ಕರೆತಂದ ದಿನ ಕೋಳಿ ಕೂಗಿದ್ದು ಕೇಳದೆ, ಕೋಳಿಯ ಬಾಯಿ ಆಡುವುದನ್ನು ನೋಡಿ, ಅದಕ್ಕೂ ಜ್ವರ ಬಂದು ಗಂಟಲು ಹೋಗಿದೆ ಎಂದುಕೊಂಡಿತು ಮಗು.

ತಿಮ್ಮಕ್ಕನಿಗೆ ನಾನೇ ಹೋಗಿ ಹೇಳಿದೆ, ಐಸಿನಿಂದ ಹೀಗಾಯಿತು, ತಪ್ಪು ನನ್ನದು ಎಂದು. ಅವಳು ಬಹಳ ಹೊತ್ತು ಸೊಪ್ಪು ಕಟ್ಟುತ್ತಾ ಕೂತಿದ್ದಳು. ಆಮೇಲೆ ನನಗೂ ಒಂದು ಕಟ್ಟು ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಸೊಪ್ಪನ್ನು ಮನೆಗೆ ತಂದೆ, ತಿನ್ನಲು ಆಗಲಿಲ್ಲ.

ಅಲಮೇಲು

*

ಅಬರ್ಡೀನ್
14 ಫೆಬ್ರವರಿ 1981

ಪ್ರಿಯ ಅಲಮೇಲು,

ನಿಮ್ಮ ದೊಡ್ಡತನಕ್ಕೆ ಏನೆನ್ನಲಿ. ನಮ್ಮ ವರದಿಯಲ್ಲಿ ನಿಮ್ಮ ಹೆಸರು ಬರೆಯಬಾರದೆಂದು ಪ್ರೊಫೆಸರ್ ಜೊತೆ ಜಗಳವಾಡಿದ್ದೇನೆ. 'ಬೆಂಗಳೂರಿನಲ್ಲಿ ಸಂಗ್ರಹಣೆಯ ಲೋಪ' ಎಂದಷ್ಟೇ ಇರುತ್ತದೆ. ಯೋಜನೆ ಉಳಿಯಿತು. ಮುಂದೆ ಬರುವ ಲಸಿಕೆಯಿಂದ ಎಷ್ಟು ಮಕ್ಕಳು ಉಳಿಯುತ್ತಾರೆ ಎಂದು ಯೋಚಿಸಿ ಸಮಾಧಾನ ತಂದುಕೊಳ್ಳಿ.

ನನ್ನ ಕೆಲಸ ಇಲ್ಲಿ ಕಾಯಂ ಆಯಿತು. ಸಂತೋಷಪಡುವ ಹೊತ್ತಲ್ಲ, ಆದರೂ ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಜಯಸಿಂಹ

*

ಅಬರ್ಡೀನ್
22 ನವೆಂಬರ್ 1985

ಪ್ರಿಯ ಅಲಮೇಲು,

ಎಷ್ಟು ಕಾಗದ ಬರೆದರೂ ನಿಮ್ಮಿಂದ ಉತ್ತರವಿಲ್ಲ. ಇದಕ್ಕಾದರೂ ಬರೆಯುತ್ತೀರಿ ಎಂಬ ಆಸೆ.

ಬೆಂಗಳೂರಿಗೆ ವಾಪಸು ಬರುತ್ತಿದ್ದೇನೆ. ಚಕ್ರಪಾಣಿ ಸಾರ್ ನಿವೃತ್ತರಾದರಲ್ಲ, ಅವರ ಜಾಗಕ್ಕೆ ನನ್ನನ್ನು ಕರೆದಿದ್ದಾರೆ. ಜೆ.ಪಿ. ನಗರದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಮಾರ್ಚ್‌ನಲ್ಲಿ ಲ್ಯಾಬಿನಲ್ಲಿ ಸ್ವಾಗತ ಸಮಾರಂಭವಂತೆ. ನೀವು ಮುಂದಿನ ಸಾಲಿನಲ್ಲಿ ಇರಬೇಕು. ಹಳೆಯದನ್ನೆಲ್ಲ ಮರೆತು ಮತ್ತೆ ಲ್ಯಾಬಿಗೆ ಬಂದುಬಿಡಿ, ನಿಮಗೊಂದು ಬೆಂಚು ನಾನು ಇಡಿಸುತ್ತೇನೆ.

ಜೊತೆಗೆ ಫೋಟೋ ಇದೆ. ಮೀಸೆ ನರೆತಿದೆ, ಗುರುತು ಸಿಗುತ್ತದೆಯೋ ಇಲ್ಲವೋ.

ನಿಮ್ಮ
ಜಯಸಿಂಹ

*

ಜಯನಗರ
6 ಜನವರಿ 1986

ಡಾಕ್ಟರ್ ಜಯಸಿಂಹ ಅವರಿಗೆ,

ಐದು ವರ್ಷ ಬರೆಯದೆ ಇದ್ದದ್ದು ನಾಚಿಕೆಯಿಂದ. ನಿಮ್ಮ ಕೆಲಸ ಕೆಡಿಸಿದವಳು ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು. ಈಗ ಬರೆಯುತ್ತಿರುವುದಕ್ಕೆ ಕಾರಣ ಬೇರೆ.

ಸಾರ್ ನಿವೃತ್ತರಾಗುವ ಮೊದಲು ಹಳೆಯ ಫ್ರಿಜ್ ಖಾಲಿ ಮಾಡಿಸಿ, ನಮ್ಮ ತಗಡಿನ ಡಬ್ಬಿಯನ್ನು ನನ್ನ ಕಾಲೇಜಿಗೆ ಕಳಿಸಿದರು. ಹೋದ ತಿಂಗಳು ಹುಡುಗರಿಗೆ ಹನಿ ಪರೀಕ್ಷೆ ಹೇಳಿಕೊಡಬೇಕಿತ್ತು. ನಿಷ್ಕಳಂಕ ತಳಿ ಎಂದರೆ ಹೇಗಿರುತ್ತದೆ ತೋರಿಸೋಣ ಎಂದು ನಿಮ್ಮ 'ಜ' ಕೆತ್ತಿದ ಆಂಪೂಲನ್ನೇ ಆರಿಸಿಕೊಂಡೆ. ಇದನ್ನು ಮಾಡಿದವರು ಎಂಥವರು ಗೊತ್ತೇನ್ರೋ ಎಂದು ಕ್ಯಾಂಟೀನ್ ಹಾಲಿನ ಕಥೆಯನ್ನೂ ಹೇಳಿದೆ. ಹುಡುಗರು ನಕ್ಕರು. ಕಲ್ಚರ್ ಬೆಳೆಸಿ, ಹನಿ ಇಟ್ಟು, ಕದಡಿ, ಈಗ ನೋಡ್ರೋ, ಹಾಲಿನ ಹಾಗೆ ನಿಲ್ಲುತ್ತದೆ ಎಂದೆ.

ಒಡೆಯಿತು. ನಿಂಬೆಹುಳಿ ಹಿಂಡಿದ ಹಾಲಿನ ಹಾಗೆ ನನ್ನ ಕಣ್ಣೆದುರೇ ಚೂರು ಚೂರಾಯಿತು. ಉಪ್ಪುನೀರು ಸರಿಯಿಲ್ಲ ಎಂದು ಹೊಸದು ಮಾಡಿದೆ. ಒಡೆಯಿತು. ಗಾಜು ತೊಳೆದೆ. ಒಡೆಯಿತು. ಹುಡುಗರನ್ನು ಕಳಿಸಿ ಎರಡನೆಯ 'ಜ' ತೆರೆದೆ. ಅದೂ ಹಾಗೆಯೇ. ಕೊನೆಗೆ 77ರಲ್ಲಿ ನಾನು ಮುಚ್ಚಿದ 'ಅ' ಒಂದನ್ನು ತೆರೆದೆ. ಅದೇ ತಳಿ, ಅದೇ ಡಬ್ಬಿ, ಅದೇ ಫ್ರಿಜ್, ಇನ್ನೂ ಹಳೆಯದು. ಹಾಲಿನ ಹಾಗೆ ನಿಂತಿತು.

ಆಂಪೂಲಿಗೆ ನಾನು ಐಸು ಮುಟ್ಟಿಸಿಲ್ಲ. ಅದನ್ನು ಬಸ್ಸಿನಲ್ಲಿ ಒಯ್ದಿಲ್ಲ. ಸೀಸೆಗಳಲ್ಲಿ ತೇಲುತ್ತಿದ್ದದ್ದು ಹೆಪ್ಪುಗಟ್ಟಿದ ಚೂರಲ್ಲ, ಒರಟಾದ ತಳಿಯ ಚೂರು. ಬೆಂಗಳೂರಿಗೆ ಹೊರಡುವ ಮೊದಲೇ ಆ ಲಸಿಕೆ ಸತ್ತಿತ್ತು.

ಇಷ್ಟೇ ಆಗಿದ್ದರೆ ಅಚಾತುರ್ಯ ಎನ್ನುತ್ತಿದ್ದೆ. ಆದರೆ ಹನಿ ನೋಡದೆ ಸೀಲ್ ಮಾಡುವವರಲ್ಲ ನೀವು. ಹಾಗಾದರೆ ನೋಡಿದ್ದಿರಿ. ಒಡೆದದ್ದು ಕಂಡೂ 'ಜ' ಕೆತ್ತಿದಿರಿ. ನಿಮ್ಮ ಹಳೆಯ ಕಾಗದ ತೆಗೆದು ನೋಡಿದೆ. ಒಂದು ಸಾಲು ಬರೆಯಿರಿ ಎಂದು ಬೇಡಿಕೊಂಡಿದ್ದೆ. ನೀವು ಹನಿ ಚೆನ್ನಾಗಿತ್ತು ಎಂದು ಬರೆದೇ ಇಲ್ಲ. ನನ್ನನ್ನೇ ತಿರುಗಿ ಪ್ರಶ್ನೆ ಕೇಳಿದ್ದಿರಿ, ನಾನು ನಾಚಿಕೊಂಡು ಸುಮ್ಮನಾಗಿದ್ದೆ.

ಅದನ್ನೂ ನುಂಗುತ್ತಿದ್ದೆನೇನೋ. ಐಸಿನ ಕಾಗದವನ್ನು ಹೇಗೆ ನುಂಗಲಿ? ಮಗು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಎಲ್ಲ ಗೊತ್ತಿದ್ದೂ, ನನ್ನ ಕೈಯ ನೆನಪನ್ನೇ ನನ್ನಿಂದ ಕಿತ್ತುಕೊಂಡಿರಿ. ಐದು ವರ್ಷ ನಾನು ನನ್ನನ್ನು ಆ ಮಗುವಿನ ಕಿವಿ ಕಳೆದವಳು ಎಂದುಕೊಂಡು ಬದುಕಿದೆ. ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿದರೆ ರಸ್ತೆ ದಾಟಿ ಆ ಕಡೆ ಹೋಗುತ್ತೇನೆ. ನೀವು ಅಲ್ಲಿ ಯುಗಾದಿಗೆ ಕಾರ್ಡು ಆರಿಸುತ್ತಿದ್ದಿರಿ.

ಸುಳ್ಳಾಗಿದ್ದರೆ ಹೇಳಿ. ಈಗಲೂ ನಂಬಲು ಒಂದು ಮೂಲೆಯಲ್ಲಿ ಆಸೆಯಿದೆ, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಅಲಮೇಲು

*

ಅಬರ್ಡೀನ್
24 ಜನವರಿ 1986

ಪ್ರಿಯ ಅಲಮೇಲು,

ಕೋಪದಲ್ಲಿ ಬರೆದಿದ್ದೀರಿ. ಒಣಗಿಸಿದ ತಳಿ ಇಷ್ಟು ವರ್ಷದಲ್ಲಿ ತಾನಾಗಿಯೇ ಬದಲಾಗಿರಬಹುದಲ್ಲವೇ? ನಿಮ್ಮದು ಉಳಿಯಿತು ಎಂದರೆ ಅದು ಅದೃಷ್ಟವಿರಬಹುದು.

ಇಲ್ಲ, ನಿಮ್ಮ ಹತ್ತಿರ ಅದು ನಡೆಯುವುದಿಲ್ಲ. ಆ ದಿನ ಹನಿ ಒಡೆದಿತ್ತು, ನಿಜ. ಪೂರ್ತಿ ಅಲ್ಲ, ಸ್ವಲ್ಪ. ಇಲಿಗಳ ಮೇಲಿನ ಪ್ರಯೋಗದಲ್ಲಿ ಪರವಾಗಿಲ್ಲ ಎಂದು ಪ್ರೊಫೆಸರ್ ಹೇಳಿದರು. ಮೊದಲಿನಿಂದ ಬೆಳೆಸಲು ಹೋದರೆ ಒಂದು ವರ್ಷ ಕೈಬಿಡುತ್ತಿತ್ತು, ಯೋಜನೆಯೇ ಮುಳುಗುತ್ತಿತ್ತು. ಆಗ ಇಟ್ಟಮಡುವಿಗೆ ಕೆಟ್ಟ ಲಸಿಕೆಯೂ ಇಲ್ಲ, ಒಳ್ಳೆಯದೂ ಇಲ್ಲ. ನೀವೇ ನನ್ನ ಜಾಗದಲ್ಲಿ ಇದ್ದು ನೋಡಿ.

ಐಸಿನ ವಿಷಯ ನಾನು ಬರೀ ಪ್ರಶ್ನೆಯಾಗಿ ಕೇಳಿದ್ದೆ. ಹೌದು ಎಂದವರು ನೀವು.

ಇದು ನಮ್ಮಿಬ್ಬರಲ್ಲೇ ಇರಲಿ. ನಿಮಗೆ ಅನ್ಯಾಯವಾಗಿದೆ, ಒಪ್ಪುತ್ತೇನೆ. ಉಪನಿರ್ದೇಶಕಿಯ ಹುದ್ದೆಗೆ ನಿಮ್ಮ ಹೆಸರು ಸೂಚಿಸಿದ್ದೇನೆ. ಸಮಾರಂಭಕ್ಕೆ ಬನ್ನಿ, ಎದುರು ಕೂತು ಮಾತಾಡೋಣ.

ಜಯಸಿಂಹ

*

ಜಯನಗರ
10 ಫೆಬ್ರವರಿ 1986

ಡಾಕ್ಟರ್ ಜಯಸಿಂಹ ಅವರಿಗೆ,

ಉಳಿದ ಕಲ್ಚರನ್ನೂ ನಿಮ್ಮ ಈ ಕೊನೆಯ ಕಾಗದವನ್ನೂ ದೆಹಲಿಯ ಸಮಿತಿಗೆ ಕಳಿಸಿದ್ದೇನೆ. ಚಕ್ರಪಾಣಿ ಸಾರ್ ತಾವೇ ಹನಿ ಇಟ್ಟು ನೋಡಿ ಸಹಿ ಹಾಕಿದರು. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಹಾಕಿಕೊಂಡು ನೋಡಿದರು. ನಿಮ್ಮ ಸಮಾರಂಭ ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಡೆದರೂ ಮುಂದಿನ ಸಾಲಿನ ನನ್ನ ಕುರ್ಚಿ ಬೇರೆಯವರಿಗೆ ಕೊಡಿ. ಹುದ್ದೆಯನ್ನೂ ಸಹ.

ಮೊನ್ನೆ ಇಟ್ಟಮಡುವಿಗೆ ಹೋಗಿದ್ದೆ. ತಿಮ್ಮಕ್ಕನಿಗೆ ಎಲ್ಲ ಹೇಳಿದೆ. ಅವಳಿಗೆ ತಳಿ, ಹನಿ ಎಲ್ಲ ಬೇಕಾಗಲಿಲ್ಲ. ಒಂದೇ ಮಾತು ಕೇಳಿದಳು.

"ಹಂಗಾರೆ ಐಸಲ್ವಾ?"

ಅಲ್ಲ ಎಂದೆ.

"ಐದ್ ವರ್ಸ ಆಯ್ತು ಕಣವ್ವಾ. ಮಗ್ಳು ಐಸ್ಕ್ಯಾಂಡಿ ಕೈ ತೋರ್ಸಿ ತೋರ್ಸಿ ಅತ್ರೂ ಒಂದ್ ದಿನ ಕೊಡ್ಸಿಲ್ಲ ನಾನು. ಒಂದ್ಸಲ ಹೊಡ್ದೂ ಬಿಟ್ಟಿದೀನಿ."

ಹೇಳಿ ಅತ್ತಳು. ಇಷ್ಟು ವರ್ಷದಲ್ಲಿ ಅವಳು ನನ್ನ ಮುಂದೆ ಅತ್ತದ್ದು ಅದೇ ಮೊದಲು. ನಾನೂ ಅತ್ತೆ. ನನಗೆ ಮೋಸ ಮಾಡಿದಿರಿ ಎಂದು ಅಲ್ಲಿಯವರೆಗೆ ನನ್ನ ದುಃಖವೇ ದೊಡ್ಡದಾಗಿತ್ತು.

ಸಪ್ಪಲಮ್ಮನಿಗೆ ಈಗ ಹದಿಮೂರು. ಜಯನಗರ ಕಾಂಪ್ಲೆಕ್ಸ್ ಹತ್ತಿರ ಅಮ್ಮನ ಜೊತೆ ಸೊಪ್ಪು ಮಾರುತ್ತಾಳೆ. ತುಟಿ ನೋಡಿ ಮಾತು ಹಿಡಿಯುವುದನ್ನು ತಾನಾಗಿಯೇ ಕಲಿತಿದ್ದಾಳೆ. ಚೌಕಾಸಿ ಮಾಡುವವರು ತಮ್ಮತಮ್ಮಲ್ಲೇ ಪಿಸುಗುಟ್ಟಿದ್ದನ್ನೂ ಹಿಡಿದು ಜಗಳಕ್ಕೆ ನಿಲ್ಲುತ್ತಾಳೆ. ನಾವಿಬ್ಬರೂ ಅಳುವುದನ್ನು ಕಂಡು ಬಂದು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಏನು?" ಎಂದಳು. ಅವಳ ದನಿ ಈಗ ಏರಿಳಿತವಿಲ್ಲದ ದನಿ. ನಿಧಾನವಾಗಿ ಹೇಳಿದೆ. ನನ್ನ ತುಟಿಯಿಂದ ಕಣ್ಣು ಕೀಳದೆ ನೋಡಿದಳು. ಪೂರ್ತಿ ಮುಗಿದ ಮೇಲೆ, "ಯಾಕೆ?" ಎಂದಳು.

ಪ್ರೊಫೆಸರು, ಬೇಸಿಗೆಯ ಗಡುವು, ಮುಳುಗುತ್ತಿದ್ದ ಯೋಜನೆ, ಇದನ್ನೆಲ್ಲ ಹದಿಮೂರು ವರ್ಷದ ಹುಡುಗಿಗೆ ನಾನು ಹೇಳಲಾರೆ. ಹೇಳಬೇಕಾದವರು ನೀವು. ಬೆಂಗಳೂರಿಗೆ ಬಂದ ಮೇಲೆ ಇಟ್ಟಮಡುವಿಗೆ ಬನ್ನಿ. ಅರಳಿಕಟ್ಟೆಯ ಪಕ್ಕದ ಸಂದು, ಎರಡನೆಯ ಮನೆ. ಅವಳ ಎದುರು ಕೂತು, ಅವಳು ಕೇಳಿದ್ದಕ್ಕೆ ನಿಧಾನವಾಗಿ, ಬಾಯಿಬಿಟ್ಟು ಉತ್ತರ ಹೇಳಿ. ಬರದಿದ್ದರೆ, ಅವರು ಬರಲಿಲ್ಲ ಎಂದು ಅವಳಿಗೆ ಹೇಳುತ್ತೇನೆ. ಅದೂ ಅವಳಿಗೆ ಅರ್ಥವಾಗುತ್ತದೆ.

ಒಂದು ವಿಷಯ. ಮೀಸೆಯವರ ಮಾತು ಅವಳಿಗೆ ತಿಳಿಯುವುದಿಲ್ಲ. ಅಂಥ ಗಿರಾಕಿ ಬಂದರೆ ಅಮ್ಮನ ಕಡೆ ನೋಡುತ್ತಾಳೆ. ಬರುವ ಮೊದಲು ಮೀಸೆ ಬೋಳಿಸಿಕೊಂಡು ಬನ್ನಿ.

ಅಲಮೇಲು